ಪಾಕ ನೋಡುವ ಬೆರಳು

ಅವರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ಬೆಸಗರಹಳ್ಳಿ ಹತ್ತಿರದ ಆಲೆಮನೆಯಲ್ಲಿ ನಲವತ್ತು ವರ್ಷ, ಕುದಿಯುವ ಕೊಪ್ಪರಿಗೆಯಿಂದ ಪಾಕ ತೆಗೆದು, ನೀರಿಗೆ ಬಿಟ್ಟು, ಆ ಎರಡು ಬೆರಳಲ್ಲಿ ಉಂಡೆ ಮಾಡಿ, ಬೆಲ್ಲಕ್ಕೆ ಹದ ಬಂತೋ ಇಲ್ಲವೋ ಹೇಳುತ್ತಿದ್ದವರು. ರೇಷನ್ ಅಂಗಡಿಯ ಯಂತ್ರ ಅವರ ಹೆಬ್ಬೆಟ್ಟನ್ನು ಒಪ್ಪುತ್ತಲೇ ಇರಲಿಲ್ಲ. ಊರಿಗೆಲ್ಲ ಅವರು ಪಾಕದ ಮಾವ. ಪಕ್ಕದ ಮನೆಯವನಾದ ನನಗೂ ಅಷ್ಟೇ. ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು.

ಮಾವನಿಗೆ ಸಕ್ಕರೆ ಕಾಯಿಲೆ. ಹದ ನೋಡಿದ ಉಂಡೆಯನ್ನು ಬಾಯಿಗೆ ಹಾಕಿಕೊಳ್ಳುವುದು ಕಸುಬಿನ ಮರ್ಯಾದೆ. ಹಾಗಾಗಿ ಅವರದೇ ಒಂದು ಕ್ರಮ: ಪಾಕ ಇಳಿಸಿದ ದಿನ ಮಾತ್ರೆ, ಆಲೆಮನೆಗೆ ರಜೆ ಇದ್ದ ದಿನ ಮಾತ್ರೆಗೂ ರಜೆ.

"ಬೆಲ್ಲನೇ ಬಾಯಿಗ್ ಬೀಳ್ದೆ ಇರೋವಾಗ ಮಾತ್ರೆ ಯಾಕೆ ಮೇಸ್ಟ್ರೇ? ಅದು ಒಳಿಕ್ಕೋಗಿ ಏನ್ ಗೇಯ್ತದೆ?"

ನಾನು ಬಿಡುವ ಆಸಾಮಿಯೇ? ಪಾಠ ಶುರು ಮಾಡಿದೆ. ಮೈಯಲ್ಲಿ ಇನ್ಸುಲಿನ್ ಇದ್ದರೂ ಮೈ ಅದರ ಮಾತು ಕೇಳುವುದಿಲ್ಲ, ಬೆಲ್ಲ ಬಿಟ್ಟರೂ ಮುದ್ದೆಯ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ, ಕಾಲಿನ ರಕ್ತನಾಳ ಕಟ್ಟಿಕೊಳ್ಳುತ್ತದೆ ಎಂದೆಲ್ಲ. ಮಾವ ಪೂರ್ತಿ ಕೇಳಿ, "ನಾಲೇಲಿ ನೀರದೆ, ತೂಬು ತೆಗೀತಾ ಇಲ್ಲ ಅನ್ನಿ" ಎಂದರು. ನನ್ನ ಮೂರು ಪೀರಿಯಡ್ಡಿನ ಪಾಠ ಒಂದೇ ಮಾತಿಗೆ ಮುಗಿದಿತ್ತು. ಪಾಠ ಅರ್ಥವಾಯಿತೇ ಹೊರತು ಮಾತ್ರೆಯ ರಜೆ ನಿಲ್ಲಲಿಲ್ಲ.

ನಡೆದರೆ ಅವರ ಮೀನಖಂಡ ಹಿಂಡುತ್ತಿತ್ತು, ಕೂತರೆ ಬಿಡುತ್ತಿತ್ತು. ಆಲೆಮನೆಯಿಂದ ಬರುವಾಗ ದಾರಿಯ ಮೋರಿಯ ಮೇಲೆ ಕೂತು, ನೋವು ಯಾರಿಗೂ ಗೊತ್ತಾಗದಿರಲೆಂದು ಹೋಗಿಬರುವವರನ್ನೆಲ್ಲ ಮಾತಿಗೆ ಎಳೆಯುತ್ತಿದ್ದರು. ಜನ ಅವರನ್ನು ಬಾಯಿಬಡುಕ ಎಂದುಕೊಂಡರು. ಒಂದು ಬೇಸಿಗೆ, ಸಕ್ಕರೆಯಿಂದ ಮರಗಟ್ಟಿದ್ದ ಪಾದಕ್ಕೆ ಒಲೆಯ ಕೆಂಡ ತಾಗಿದ್ದೇ ತಿಳಿಯದೆ ಎಡಗಾಲಿನ ಎರಡು ಬೆರಳು ಕಪ್ಪಾದವು. ಮಂಡ್ಯದ ಡಾಕ್ಟರು ಅವೆರಡನ್ನು ತೆಗೆದು ಕಾಲು ಉಳಿಸಿದರು.

ಆಮೇಲೆ ಮಾವ ಒಂದು ದಿನವೂ ತಪ್ಪಿಸಲಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ, ಕೊಬ್ಬಿನದು, ಸಕ್ಕರೆಯದು, ಮೂರನ್ನೂ ಹೊತ್ತಿಗೆ ಸರಿಯಾಗಿ. ಹದ ನೋಡಿದ ಉಂಡೆಯನ್ನು ಪಕ್ಕದಲ್ಲಿದ್ದವರ ಅಂಗೈಗೆ ಹಾಕಿ, ಅವರು ತಿನ್ನುವುದನ್ನು ನೋಡುತ್ತಿದ್ದರು. ನೋವು ಬರುವವರೆಗೆ ನಡೆ, ಕೂತುಕೋ, ಮತ್ತೆ ನಡೆ ಎಂದು ಡಾಕ್ಟರು ಹೇಳಿದ್ದರಿಂದ ಸಂಜೆಯ ನಡಿಗೆಗೆ ನಾನೂ ಜೊತೆಯಾದೆ. ನನಗೂ ಸಕ್ಕರೆ ಇತ್ತು. ಮಾತ್ರೆ ನೆನಪಾದಾಗ ನುಂಗುತ್ತಿದ್ದೆ. ಪಾಠ ಹೇಳುವವನಿಗೆ ಅಷ್ಟು ಸಾಕು ಎಂಬ ಸೊಕ್ಕು.

ಒಂದು ಸಂಜೆ ಮೋರಿಯ ಮೇಲೆ ಕೂತಾಗ ಮಾವ ನನ್ನನ್ನೇ ನೋಡಿದರು.

"ಮೂರ್ ದಿನದಿಂದ ನೋಡ್ತಾವ್ನಿ, ನನಗಿಂತ ಮುಂಚೆ ನೀವೇ ಕೂರ್ತೀರಿ. ಬೂಟ್ ಬಿಚ್ಚಿ."

"ನಿಮಗೆ ಜೊತೆಯಿರಲಿ ಅಂತ ಕೂರೋದು ಮಾವ."

"ಅಂತಾ ಸುಳ್ಳ ಈ ಮೋರಿ ಮ್ಯಾಲೆ ಕೂತ್ಕಂಡು ನಾನು ಐದಾರು ವರ್ಸ ಏಳಿವ್ನಿ. ಬಿಚ್ಚಿ."

ಬಿಚ್ಚಿದೆ. ಗೆರೆಯಿಲ್ಲದ ಆ ಎರಡು ಬೆರಳನ್ನು ನನ್ನ ಬಲಪಾದದ ಮೇಲಿಟ್ಟರು, ಆಮೇಲೆ ಎಡಪಾದದ ಮೇಲೆ, ಮತ್ತೆ ಬಲಕ್ಕೆ. ಹಿರಿಯರು ಕಾಲು ಮುಟ್ಟಿದರಲ್ಲ ಎಂದು ನಾಚಿ ಎಳೆದುಕೊಳ್ಳಲು ನೋಡಿದೆ. ಬಿಡಲಿಲ್ಲ.

"ಈ ಕಾಲು ತಣ್ಗದೆ ಮೇಸ್ಟ್ರೇ. ನಂದೂ ಇಂಗೇ ಸುರುವಾಗಿದ್ದು. ನಾಳೆ ಮಂಡ್ಯಕ್ಕೋಗಿ. ನಾಡಿದ್ದು ಅನ್ಬ್ಯಾಡಿ."

ಮರುದಿನ ಮೊದಲ ಬಸ್ಸಿಗೆ ನಾನು ಹೋಗುವಷ್ಟರಲ್ಲಿ ಅವರು ಸ್ಟಾಪಿನಲ್ಲಿ ಕಾದಿದ್ದರು. ನನ್ನ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. ಬಲಗಾಲಿನ ರಕ್ತನಾಳ ಕಿರಿದಾಗಿದೆ, ಹೊತ್ತಿಗೆ ಸರಿಯಾಗಿ ಬಂದಿರಿ ಎಂದರು ಡಾಕ್ಟರು. ಅಂದಿನಿಂದ ದಿನಾ ಬೆಳಿಗ್ಗೆ ಮಾತ್ರೆ, ಅದಕ್ಕೆ ಮುಂಚೆ ಎರಡು ಬೆರಳಿಟ್ಟು ಪಾದ ಮುಟ್ಟಿ ನೋಡಿಕೊಳ್ಳುವುದು, ಇದು ಮಾವ ಕಲಿಸಿದ ಅಭ್ಯಾಸ.

ಹೋದ ವರ್ಷ ಮಾವ ಹೃದಯಾಘಾತದಿಂದ ತೀರಿಕೊಂಡರು. ಕೊನೆಯ ನಮಸ್ಕಾರಕ್ಕೆ ಬಗ್ಗಿದವನು ನನಗೇ ಗೊತ್ತಿಲ್ಲದೆ ಎರಡು ಬೆರಳನ್ನು ಅವರ ಪಾದದ ಮೇಲಿಟ್ಟಿದ್ದೆ. ಬಲಕ್ಕೆ, ಆಮೇಲೆ ಮೂರೇ ಬೆರಳಿದ್ದ ಎಡಕ್ಕೆ. ಎರಡೂ ಒಂದೇ ಸಮ ತಣ್ಣಗಿದ್ದವು. ಎಲ್ಲರ ಎದುರಿಗೇ ಅತ್ತುಬಿಟ್ಟೆ.

ಮರುದಿನ ಬೆಳಿಗ್ಗೆ ನನ್ನ ಪಾದ ಮುಟ್ಟಿ ನೋಡಿಕೊಂಡೆ. ಎರಡೂ ಬೆಚ್ಚಗಿದ್ದವು. ಮಾತ್ರೆ ನುಂಗಿ ಮೋರಿಯವರೆಗೆ ನಡೆದು, ಅವರು ಕೂರುತ್ತಿದ್ದ ಜಾಗ ಬಿಟ್ಟು ಪಕ್ಕದಲ್ಲಿ ಕೂತೆ.