ಕೂಡಿಕೊಂಡ ಎರಡು ಬೆರಳು

೧೯೮೦ರ ಜೂನ್ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಏಳಕ್ಕೆ ಕೊಪ್ಪಳದಿಂದ ಕುಷ್ಟಗಿಯ ಬಸ್ ಹತ್ತಿದೆವು. ತಲಾ ಆರು ರೂಪಾಯಿ. ಜೊತೆಗಿದ್ದವನು ಬಸಪ್ಪ, ನಾನು ಜೀವಶಾಸ್ತ್ರ ಕಲಿಸುವ ಕಾಲೇಜಿನ ಜವಾನ. ಅವನ ತಂಗಿ ನೀಲವ್ವನ ಮೂರು ತಿಂಗಳ ಮಗುವಿಗೆ ಬಲಗೈಯ ಎರಡು ಬೆರಳು ಕೂಡಿಕೊಂಡಿದ್ದವು. ಫೆಬ್ರುವರಿಯ ಗ್ರಹಣದಲ್ಲಿ ಹಗಲೇ ಕತ್ತಲಾದಾಗ ಬಸುರಿ ಸೊಸೆ ಕೌದಿ ಹೊಲಿದಳು, ಮಗುವಿನ ಬೆರಳೂ ಹೊಲಿದುಹೋದವು ಎಂಬುದು ಅತ್ತೆಯ ಮಾತು. ಬಂದು ನಿಮ್ಮ ಹುಡುಗಿಯನ್ನು ಕರೆದುಕೊಂಡು ಹೋಗಿ ಎಂದು ಹೇಳಿಕಳಿಸಿದ್ದಳು.

“ನೀವು ಹೇಳಿದ್ರ ಕೇಳ್ತಾರ್ರಿ ಸರ್,” ಎಂದು ಬಸಪ್ಪ ಕುಕನೂರಿನವರೆಗೂ ಹೇಳುತ್ತಲೇ ಇದ್ದ. ಯಲಬುರ್ಗಾದಲ್ಲಿ ಮಿರ್ಚಿ, ಚಹಾ ಆಯಿತು. ಕುಷ್ಟಗಿಯಲ್ಲಿ ಇಳಿದು ನೀಲವ್ವನ ಗಂಡನ ಮನೆಗೆ ಎರಡು ಮೈಲಿ ನಡೆದೆವು. ಮಳೆ ಇನ್ನೂ ಬಿದ್ದಿರಲಿಲ್ಲ.

ಅತ್ತೆ ಗಂಗವ್ವ ಚಾಪೆ ಹಾಸಿ ನೀರು ಕೊಟ್ಟಳು. ಕಣ್ಣು ಮಾತ್ರ ನನ್ನ ಚೀಲದ ಮೇಲಿತ್ತು. “ಅದರಾಗ ಏನೈತಿ?”

“ಪುಸ್ತಕ ಐತ್ರಿ ಅತ್ತಿ,” ಎಂದ ಬಸಪ್ಪ.

ಚಿತ್ರ ತೋರಿಸಿ ನಿಧಾನವಾಗಿ ಹೇಳಿದೆ. ಗರ್ಭದಲ್ಲಿ ಕೈ ಮೊದಲು ಬರೀ ಮೊಗ್ಗು. ಅದರ ತುದಿಯ ಅಂಚು ಬೆಳೆಯಲು ಸೂಚನೆ ಕೊಡುತ್ತದೆ. ಕಿರುಬೆರಳಿನ ಪಕ್ಕದ ಒಂದು ತುಣುಕು ಎಲ್ಲಿ ಯಾವ ಬೆರಳು ಎಂದು ತಿಳಿಸುತ್ತದೆ. ಕೋಳಿಮೊಟ್ಟೆಯೊಳಗಿನ ಭ್ರೂಣದಲ್ಲಿ ಇದನ್ನು ಕಂಡುಕೊಂಡಿದ್ದಾರೆ. ಕೊನೆಗೆ ಬೆರಳುಗಳ ನಡುವಿನ ಜೀವಕೋಶಗಳು ಸೂಚನೆ ಬಂದಾಗ ಸಾಯುತ್ತವೆ, ಬೆರಳು ಬಿಡಿಬಿಡಿಯಾಗುತ್ತವೆ. ಇಲ್ಲಿ ಆ ಸೂಚನೆ ತಪ್ಪಿದೆ.

“ಯಾರು ತಪ್ಪಿಸಿದ್ರು?” ಎಂದಳು ಗಂಗವ್ವ.

“ಯಾರೂ ಅಲ್ಲ. ಕಾರಣ ಗೊತ್ತಿಲ್ಲ. ಆದ್ರ ಇದೆಲ್ಲಾ ಎರಡನೇ ತಿಂಗಳದಾಗ ಮುಗೀತದ. ಗ್ರಹಣಕ್ಕ ನೀಲವ್ವಗ ಎಂಟು ತಿಂಗಳು.”

ಗಂಗವ್ವ ಬೆರಳ ಗೆಣ್ಣು ಹಿಡಿದು ಹಿಂದಕ್ಕೆ ಎಣಿಸತೊಡಗಿದಳು. ನನಗೆ ಸಮಾಧಾನವಾಯಿತು. ಅವಳು ಶ್ರಾವಣಕ್ಕೆ ಬಂದು ನಿಂತಳು.

“ಪಂಚಮಿಗೆ ತವರಮನ್ಯಾಗಿದ್ಲು! ಜೋಕಾಲಿ ಆಡ್ಯಾಳ. ಏನೇನ್ ತಿಂದಾಳೋ! ಬಸಪ್ಪಾ, ನಿಮ್ಮ ಮನ್ಯಾಗ ಕೆಡಿಸಿ ಕಳಿಸಿದ್ರೇನು? ನಾ ಸುಮ್ನ ಸೂಜಿ ಮ್ಯಾಲ ತಪ್ಪು ಹಾಕಿದ್ನಿ. ಮಾಸ್ತರ ಬಾಯಾಗ ಬಂತಲ್ಲ!”

ಹಾಗಲ್ಲ ಎಂದು ಎರಡು ಸಲ ಹೇಳಿದೆ. ಕಟ್ಟೆಯ ಮೇಲಿದ್ದ ನೀಲವ್ವನ ಗಂಡ ಎದ್ದು ಹೊಲದ ಕಡೆ ಹೋದ. ಗಂಗವ್ವ ಸೊಸೆಯ ಬಟ್ಟೆಗಂಟನ್ನು ತಂದು ಹೊಸ್ತಿಲಾಚೆ ಇಟ್ಟಳು.

ಮಧ್ಯಾಹ್ನದ ಬಸ್ಸಿಗೆ ಮೂವರೂ ಹತ್ತಿದೆವು. ಬಸಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತ. ಯಲಬುರ್ಗಾ ದಾಟಿದ ಮೇಲೆ ನೀಲವ್ವ, ಮಗುವನ್ನು ತೊಡೆಗೆ ಹಾಕಿಕೊಂಡು, ಮೆಲ್ಲಗೆ ಕೇಳಿದಳು.

“ಸರ್, ಜೋಕಾಲಿ ನಾ ಭಾಳ ಜೋರ ತೂಗಿದ್ನಿ. ಅದಕ್ಕ ಆತೇನ್ರಿ?”

“ಅಲ್ಲವ್ವಾ, ಖಂಡಿತ ಅಲ್ಲ.”

“ಕಾರಣ ಗೊತ್ತಿಲ್ಲ ಅಂದಿದ್ರಲ್ರಿ ಅಲ್ಲಿ.”

ಕುಕನೂರು ಬರುವವರೆಗೂ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.