ಚಿಮಣಿಯ ಹಿಂದಿನ ಕಂಬದಿಂದ

ನಂಬೋದು ಬಿಡೋದು ನಿಮಗೇ ಸೇರಿದ್ದು. ನನ್ನ ಕಿವಿಯಾರೆ ಕೇಳಿದ್ದನ್ನಷ್ಟೇ ಹೇಳುತ್ತೇನೆ.

ಸಿಂಗಾಪುರದಲ್ಲಿ ಹಡಗಿನ ಮಾಡೆಲ್ ಮಾಡೋದು ನನ್ನ ಕೆಲಸ. ಜುರಾಂಗ್ ವೆಸ್ಟ್ ಹತ್ತಿರ ನಮ್ಮ ವರ್ಕ್‌ಶಾಪ್. ಹೋದ ವರ್ಷ ಒಂದು ಪ್ರದರ್ಶನಕ್ಕೆ ಡ್ರೆಡ್‌ನಾಟ್ ಅನ್ನೋ ಹಳೆಯ ಬ್ರಿಟಿಷ್ ಯುದ್ಧನೌಕೆಯ ಮಾಡೆಲ್ ಮಾಡುತ್ತಿದ್ದೆ. ಒಂದೇ ಅಳತೆಯ ಭಾರೀ ಫಿರಂಗಿಗಳು, ಉಗಿ ಟರ್ಬೈನು... ಆ ಕಾಲಕ್ಕೆ ಅದಕ್ಕೆ ಸಮನಾದದ್ದು ಇರಲಿಲ್ಲ.

ಆದರೆ ಡಿಸೈನ್‌ನಲ್ಲಿ ಒಂದು ಎಡವಟ್ಟು. ಫಿರಂಗಿಗೆ ಗುರಿ ನೋಡುವವರು ಹತ್ತಿ ಕೂರುವ ಕಂಬವನ್ನು ಚಿಮಣಿಯ ಹಿಂದೆ ನಿಲ್ಲಿಸಿದ್ದರು. ಹಡಗು ಓಡಿದರೆ ಕಲ್ಲಿದ್ದಲ ಹೊಗೆಯೆಲ್ಲ ಅವರ ಮುಖಕ್ಕೆ. ಕಂಬದ ಕಬ್ಬಿಣದ ಏಣಿ ಕಾದರೆ ಇಳಿಯೋಕೂ ಆಗುತ್ತಿರಲಿಲ್ಲ. ಮೊದಲ ಮಹಾಯುದ್ಧದಲ್ಲಿ ವರ್ಷಗಟ್ಟಲೆ ಥಂಡಿ ಸಮುದ್ರದಲ್ಲಿ ಕಾವಲು ಸುತ್ತಿ, ದೊಡ್ಡ ಕಾಳಗ ನೋಡದೆಯೇ ಆ ಹಡಗು ಗುಜರಿಗೆ ಹೋಯಿತು.

ಅದರದ್ದೇ ಅಂತ ಹೇಳಿ ಪ್ರದರ್ಶನದವರು ಒಂದು ತುಂಡು ಹಿತ್ತಾಳೆ ಕೊಳವೆ ಕಳಿಸಿದ್ದರು. ಕಂಬದ ಮೇಲಿದ್ದವರು ಇಂಥ ಕೊಳವೆಯಲ್ಲಿ ಬಾಯಿಟ್ಟು ಕೆಳಗಿನವರ ಜೊತೆ ಮಾತಾಡುತ್ತಿದ್ದರು. ಅದು ನನ್ನ ಟೇಬಲ್ ಮೇಲಿತ್ತು.

ಅವತ್ತು ಲಾಂಗ್ ವೀಕೆಂಡ್. ಕತ್ತಲಾಗುವ ಹೊತ್ತಿಗೆ ಎಲ್ಲರೂ ಹೊರಟಿದ್ದರು. ಇಡೀ ದಿನ ಒಂದು ಮಾತೂ ಕನ್ನಡದಲ್ಲಿ ಆಡಿರಲಿಲ್ಲ. ಮೈಸೂರಿಗೆ, ಅಕ್ಕನಿಗೆ ಫೋನ್ ಮಾಡಿದೆ.

"ಊಟ ಆಯ್ತೇನೆ?"

"ಇನ್ನೂ ಇಲ್ಲ ಅಕ್ಕ. ಆಫೀಸಲ್ಲೇ ಇದೀನಿ."

"ಪಕ್ಕದಲ್ಲಿ ಯಾರೇ ಅದು ಕೆಮ್ತಿರೋದು? ಪಾಪ, ಉಸಿರೇ ಕಟ್ಟಿದ ಹಾಗಿದೆ."

"ಯಾರೂ ಇಲ್ಲ..." ಅನ್ನುವಷ್ಟರಲ್ಲಿ ನನಗೂ ಕೇಳಿಸಿತು... ಕೊಳವೆಯೊಳಗಿಂದ.

ಫೋನ್ ಕಟ್ ಆಯಿತು. ರೂಮಿನಲ್ಲಿ ಕಲ್ಲಿದ್ದಲ ಹೊಗೆಯ ವಾಸನೆ.

ಓಡಬೇಕಿತ್ತು. ಆದರೆ ಆ ಕೆಮ್ಮು ನನ್ನನ್ನು ಹೆದರಿಸಲಿಲ್ಲ. ಜ್ವರ ಬಂದಾಗ ಫ್ಲಾಟಿನಲ್ಲಿ ಒಬ್ಬಳೇ ಮಲಗಿ ನಾನೂ ಹಾಗೇ ಕೆಮ್ಮಿದ್ದೇನೆ, ಯಾರಾದರೂ ಕೇಳಿಸಿಕೊಳ್ಳಲಿ ಅಂತ. ಕೊಳವೆಗೆ ಬಾಗಿ ಮೆಲ್ಲಗೆ ಹೇಳಿದೆ, "ಸಾಕು... ಕೆಳಗೆ ಇಳಿದು ಬನ್ನಿ."

ಕೆಮ್ಮು ನಿಂತಿತು.

ಆಮೇಲೆ ಕೊಳವೆಯೊಳಗಿಂದ, ಕಬ್ಬಿಣದ ಏಣಿ ಮೇಲೆ ಹೆಜ್ಜೆ ಸದ್ದು. ಟಣ್... ಟಣ್... ನಿಧಾನಕ್ಕೆ, ಹತ್ತಿರ ಹತ್ತಿರಕ್ಕೆ.

ಬ್ಯಾಗನ್ನೂ ಎತ್ತಿಕೊಳ್ಳದೆ ಓಡಿದೆ. MRT ರೈಲು ಸ್ಟೇಷನ್ನಿನ ಬೆಳಕು ಕಾಣೋವರೆಗೂ ಹಿಂತಿರುಗಿ ನೋಡಲಿಲ್ಲ.

ರಜೆ ಮುಗಿದ ಮೇಲೆ ಕೊಳವೆಯನ್ನು ವಾಪಸ್ ಕಳಿಸಿ, ಮಾಡೆಲ್ ಮುಗಿಸಿಕೊಟ್ಟೆ. ಮತ್ತೆ ಏನೂ ಕೇಳಿಸಿಲ್ಲ. ಆದರೆ ಇಳಿದು ಬನ್ನಿ ಅಂತ ಕರೆದವಳು ನಾನೇ. ಅವರು ಪೂರ್ತಿ ಇಳಿದರೋ, ಇಳಿದವರು ಎಲ್ಲಿಗೆ ಹೋದರೋ, ಗೊತ್ತಿಲ್ಲ. ಈಗಲೂ ಕೆಲಸ ಮುಗಿಸಿ ಫ್ಲಾಟಿಗೆ ಬಂದು ಬೀಗಕ್ಕೆ ಕೀ ಹಾಕುವ ಮುಂಚೆ, ಬಾಗಿಲಿಗೆ ಕಿವಿಯಿಟ್ಟು ಸ್ವಲ್ಪ ಹೊತ್ತು ನಿಲ್ಲುತ್ತೇನೆ...