ಹಗಲಲ್ಲೂ ಉರಿಯುವ ಬಲ್ಬುಗಳು

ರುದ್ರಾಣಿಯ ಸಿಟ್ಟು ಬಣಕಲ್ಲಿಗೆಲ್ಲ ಗೊತ್ತು. ಹದಿನೆಂಟು ವರ್ಷ ರೇಣುಕಪ್ರಸಾದರ ಕಾಫಿ ಎಸ್ಟೇಟಿನಲ್ಲಿ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯಲ್ಲಿ ದುಡಿದವಳು. ಮೆಷಿನ್ ಬೆಲ್ಟು ಹರಿದರೆ ರಿಪೇರಿಗೆ ಮೇಸ್ತ್ರಿಗಿಂತ ಮೊದಲು ಅವಳ ಕೈ ಹೋಗುತ್ತಿತ್ತು. ಅದೆಲ್ಲ ಮೂರು ವರ್ಷದ ಹಿಂದಿನ ಆಷಾಢಕ್ಕೆ ಮುಗಿಯಿತು.

ಆ ಸಲ ಮರ ಬಿದ್ದು ಒಂಬತ್ತು ದಿನ ಕರೆಂಟಿರಲಿಲ್ಲ. ತಾಯಿ ಯಲ್ಲಮ್ಮನಿಗೆ ಉಬ್ಬಸ. ಔಷಧಿಯ ಹಬೆ ಕೊಡುವ ಮೆಷಿನ್ ಸತ್ತು ಕೂತಿತ್ತು. ಸಾವ್ಕಾರರ ಬಂಗಲೆಯಲ್ಲಿ ಮಾತ್ರ ಜನರೇಟರ್ ಗುಡುಗುಡು. ಒಂದೇ ಒಂದು ಗಂಟೆ, ತಾಯಿಯನ್ನು ಇಲ್ಲಿಗೇ ತರುತ್ತೇನೆ ಎಂದು ರುದ್ರಾಣಿ ಓಡಿ ಹೋಗಿ ಬೇಡಿದಳು. “ಒಬ್ಬರನ್ನ ಬಿಟ್ರೆ ನಾಳೆ ಕೂಲಿ ಲೈನಿನೋರೆಲ್ಲ ಬಂದು ಕೂರ್ತಾರೆ, ಹೋಗು” ಎಂದರು ರೇಣುಕಪ್ರಸಾದ್. ಒಳಗೆ ಟಿವಿಯಲ್ಲಿ ಕ್ರಿಕೆಟ್ ನಡೆಯುತ್ತಿತ್ತು, ಥೂ! ಮೂಡಿಗೆರೆ ಆಸ್ಪತ್ರೆ ಮುಟ್ಟುವ ಮೊದಲೇ ಜೀಪಿನಲ್ಲಿ ಯಲ್ಲಮ್ಮನ ಉಸಿರು ನಿಂತಿತು.

ರುದ್ರಾಣಿ ಅಳಲಿಲ್ಲ, ಹಲ್ಲು ಕಚ್ಚಿದಳು. ಎಸ್ಟೇಟ್ ಬಿಟ್ಟು ಕೆಳಗಿನ ಹಳ್ಳದ ದಡದಲ್ಲಿ ಮನೆ ಮಾಡಿದಳು. ನಾಲ್ಕು ಮನೆಯವರನ್ನು ಕೂಡಿಸಿಕೊಂಡು, ಹಳ್ಳದ ನೀರಿಗೆ ಪೈಪು ಹಾಕಿ ಕರೆಂಟ್ ಹುಟ್ಟಿಸುವ ಸಣ್ಣ ಟರ್ಬೈನ್ ಕೂರಿಸಿದಳು. ಮಳೆ ಹೆಚ್ಚಿದಷ್ಟೂ ಅದಕ್ಕೆ ಹುರುಪು. ಹುಟ್ಟಿದ ಕರೆಂಟನ್ನು ಬಳಸದೆ ಬಿಟ್ಟರೆ ಹುಚ್ಚೆದ್ದು ತಿರುಗಿ ಸುಟ್ಟುಹೋಗುತ್ತದೆ. ಹಾಗಾಗಿ ಹಗಲಲ್ಲೂ ಬಲ್ಬು ಉರಿಸಲೇಬೇಕು. ಅವನ್ನು ಬಂಗಲೆಯ ಜಗುಲಿಗೆ ಕಾಣುವ ಹಾಗೆ ಬೇಕೆಂದೇ ಕಟ್ಟಿದ್ದಳು.

ಈ ವರ್ಷ ಕರೆಂಟ್ ಕಂಬಗಳು ಬಿದ್ದದ್ದಲ್ಲದೆ ಗುಡ್ಡವೂ ಜರಿದು ರಸ್ತೆ ಮುಚ್ಚಿತು. ಬಂಗಲೆಯಲ್ಲಿ ಡೀಸೆಲ್ ಖಾಲಿ. ಆರನೇ ದಿನ ಮಧ್ಯಾಹ್ನ ರೇಣುಕಪ್ರಸಾದ್ ಕೊಡೆ ಹಿಡಿದು ಅವಳ ಅಂಗಳಕ್ಕೆ ಬಂದರು.

“ಅಮ್ಮಂಗೆ ಉಸಿರು ಕಟ್ತಿದೆ. ಹಗಲೊತ್ತಲ್ಲಿ ಸುಮ್ನೆ ದಂಡಕ್ಕೆ ಉರಿಸ್ತಿದೀಯಲ್ಲ ಮಾರಾಯ್ತಿ, ನಮ್ಮನೆಗೊಂದು ವೈರ್ ಎಳೆದುಕೊಡು.”

ಆಹಾ, ದಂಡಕ್ಕಂತೆ! “ಆಗಲ್ಲ” ಎಂದಳು ರುದ್ರಾಣಿ. ಮೂರು ವರ್ಷ ಕಾದಿಟ್ಟ ಮಾತು. ಅವರ ಮುಖ ಬಿಳಿಚಿಕೊಂಡದ್ದನ್ನು ಕಣ್ತುಂಬ ನೋಡಿದಳು; ಸುಖವೆನಿಸಿತು. ಆಮೇಲೆ ಹೇಳಿದಳು, “ವೈರ್ ಬರಲ್ಲ. ಅಮ್ಮಾವ್ರನ್ನ ಇಲ್ಲಿಗೆ ತನ್ನಿ. ನೀವೇ ಹೊತ್ಕೊಂಡು ಬನ್ನಿ.”

ರೇಣುಕಪ್ರಸಾದ್ ಜಿಗಣೆ ಕಚ್ಚಿಸಿಕೊಂಡು, ತಾಯಿ ಸರೋಜಮ್ಮನನ್ನು ಬೆನ್ನ ಮೇಲೆ ಹೊತ್ತು ತಂದರು. ಯಲ್ಲಮ್ಮನ ಮೆಷಿನ್ನೇ ಗುರ್ರೆಂದಿತು. ಸರೋಜಮ್ಮನ ಉಸಿರು ನಿಧಾನಕ್ಕೆ ಹದಕ್ಕೆ ಬಂತು. ಅವರು ಮಾಸ್ಕ್ ಸರಿಸಿ, “ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣೇ. ಯಲ್ಲಮ್ಮನೂ ಉಬ್ಬಸದಲ್ಲೇ ಹೋದಳಂತಲ್ಲ. ಆಗ ಈ ಮೆಷಿನ್ ಇರ್ಲಿಲ್ವಾ?” ಎಂದರು.

“ಇತ್ತು. ಯಾಕೆ ಓಡಲಿಲ್ಲ ಅಂತ ಸಾವ್ಕಾರ್ರೇ ಹೇಳ್ತಾರೆ.”

ರೇಣುಕಪ್ರಸಾದ್ ತಲೆ ತಗ್ಗಿಸಿ ಏನೋ ಗೊಣಗಿದರು. ಮೆಷಿನ್ ಸದ್ದಿಗೆ ಸರೋಜಮ್ಮನಿಗೆ ಕೇಳಿಸಲಿಲ್ಲ.

“ಜೋರಾಗಿ ಹೇಳಿ” ಎಂದಳು ರುದ್ರಾಣಿ.